ದಿನಾ ಸುಡೊಕು ಮಾಡಿದರೆ ಸಾಕಾ? 71ರ ಅಪ್ಪನಿಗೆ ಮಳೆಗಾಲಕ್ಕೆ ಏನು ಕಲಿಸಲಿ?

ತೋಟದಮನೆ (ಸೋಮವಾರಪೇಟೆ):
ಅಪ್ಪನಿಗೆ 71. ಪೇಪರಿನ ಪದಬಂಧ, ಸುಡೊಕು ಎರಡೂ ಇಪ್ಪತ್ತು ನಿಮಿಷದಲ್ಲಿ ಮುಗಿಸ್ತಾರೆ. ಆದ್ರೆ ಹೆಸರುಗಳು ಬಾಯಿಗೆ ಬರೋದು ತಡ ಆಗ್ತಿದೆ. ಜೂನ್ ಬಂದ್ರೆ ಮೂರು ತಿಂಗಳು ಜಗಲಿ ಬಿಟ್ಟು ಇಳಿಯಲ್ಲ. ಏನು ಮಾಡಿಸಬಹುದು?

ಕಾಜಾಣ:
ಇಪ್ಪತ್ತು ನಿಮಿಷದಲ್ಲಿ ಮುಗೀತಿದೆ ಅಂದ್ರೆ ಅದು ಅಭ್ಯಾಸ, ಕಲಿಕೆ ಅಲ್ಲ. ಅಮೆರಿಕದಲ್ಲಿ 65 ದಾಟಿದ 2,800ಕ್ಕೂ ಹೆಚ್ಚು ಜನರ ಮೇಲೆ ನಡೆದ ‘ಆ್ಯಕ್ಟಿವ್’ ಅನ್ನೋ ಮೆದುಳಿನ ತರಬೇತಿಯ ಅಧ್ಯಯನದಲ್ಲೂ, ಯಾವುದರ ತರಬೇತಿ ಕೊಟ್ಟರೋ ಆ ಪರೀಕ್ಷೆಯಲ್ಲೇ ಅಂಕ ಏರಿದ್ದು.

ಜಗಲಿಯಲ್ಲೇ ಕೂತು ಹಕ್ಕಿ ಕೂಗು ಕಲೀಲಿ. ದನಿ ಕೇಳಿ ಹೆಸರು ಹೇಳಬೇಕು, ಅವರು ತಡವರಿಸೋದೂ ಹೆಸರಿಗೇ ಅಲ್ವಾ. ವಾರಕ್ಕೆ ನಾಲ್ಕೇ ಹಕ್ಕಿ. ಹಕ್ಕಿ ಗುರುತಿಸೋ ಮರ್ಲಿನ್ ಆ್ಯಪ್‌ನಲ್ಲಿ ನಮ್ಮ ಕಡೆಯ ಹಕ್ಕಿಗಳ ಪ್ಯಾಕ್ ಮೊದಲೇ ಇಳಿಸಿಡಿ, ಮಳೇಲಿ ನೆಟ್‌ವರ್ಕ್ ನಂಬೋ ಹಾಗಿಲ್ಲ. ಕೂಗು ಹಾಕಿ ಪರದೆ ಮುಚ್ಚಿ. ಅವರು ಹೆಸರು ಬರೆದ ಮೇಲೇ ಉತ್ತರ ತೋರಿಸಿ. ಹತ್ತು ಸೆಕೆಂಡು ತಡಕಾಡಲಿ ಬಿಡಿ, ಕೆಲಸ ಆಗೋದೇ ಆ ತಡಕಾಟದಲ್ಲಿ. ಹೆಸರು ನೋಡ್ಕೊಂಡೇ ಕೇಳಿದರೆ ‘ಇದು ಗೊತ್ತು’ ಅನ್ನಿಸುತ್ತೆ, ಮಾರನೇ ದಿನ ಖಾಲಿ. ಕಲಿತದ್ದನ್ನು 1, 3, 7, 14, 30ನೇ ದಿನ ಮತ್ತೆ ಕೇಳಿ. ತಪ್ಪಿದ್ದು ಮಾತ್ರ ವಾಪಸ್ 1ಕ್ಕೆ.

ಸಿಳ್ಳಾರದಿಂದ ಶುರು ಮಾಡಿ, ಅದರ ಹಾಡು ಜೋರಾಗೋದೇ ಮಳೇಲಿ. ಕುಟ್ರು ಬೇಸಿಗೆಗಿರಲಿ. ಕಾಜಾಣ ಕೊನೆಗೆ, ಬೇರೆ ಹಕ್ಕಿಗಳ ದನಿ ಕದ್ದು ಬಲ್ಲವರಿಗೂ ಟೋಪಿ ಹಾಕುತ್ತೆ.

ಏಲಕ್ಕಿಮಲೆ:
ದಾರಿ ಸರಿ, ಪ್ರಮಾಣ ಕಮ್ಮಿ. ಡಲ್ಲಾಸ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಿರಿಯರು ಡಿಜಿಟಲ್ ಫೋಟೊಗ್ರಫಿ, ಕೌದಿ ಹೊಲಿಗೆ ಕಲಿತದ್ದು ವಾರಕ್ಕೆ ಸುಮಾರು 15 ಗಂಟೆ, ಮೂರು ತಿಂಗಳು. ನೆನಪು ಚುರುಕಾದದ್ದು ಅಂಥವರಿಗೆ. ಸುಮ್ಮನೆ ಸೇರಿ ಹರಟಿದವರಿಗೆ ಅಷ್ಟಿಲ್ಲ. ಕಾಫಿ ಕುಯ್ಲಿನಲ್ಲಿ ಇಷ್ಟು ಹೊತ್ತು ಯಾರಿಗೂ ಸಿಗಲ್ಲ, ಮಳೇಲಿ ಸಿಗುತ್ತೆ.

ಫೋನ್ ಕ್ಯಾಮೆರಾವನ್ನು, ಎಲ್ಲ ನಾವೇ ಹೊಂದಿಸೋ ‘ಪ್ರೊ’ ಮೋಡ್‌ಗೆ ಹಾಕಿಕೊಡಿ. ಮಾಡಿನಿಂದ ಬೀಳೋ ನೀರು, ಷಟರ್ 1/1000 ಸೆಕೆಂಡಿಗೆ ಇಟ್ಟರೆ ಹನಿ ಹನಿ, 1/15ಕ್ಕೆ ಬಿಳೀ ದಾರ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಅಂಕಿ) ಎಷ್ಟಿಡಬೇಕು ಅಂತ ಮೊದಲು ಅವರೇ ಊಹಿಸಿ ಬರೀಲಿ, ಆಮೇಲೆ ಕ್ಲಿಕ್.

ಕಿವಿಮಾತು:
ಇದಕ್ಕೆಲ್ಲ ಮೊದಲು ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತೆ ಅನ್ನೋ ಪರೀಕ್ಷೆ) ಮಾಡಿಸಿ. ವಯಸ್ಸಾದ ಹಾಗೆ ಮೊದಲು ಹೋಗೋದು ಕೀಚಲು ಸದ್ದು. ಸಿಳ್ಳಾರ ಗುರುತಿಸಿ ಸೂರಕ್ಕಿಗೆ ಸುಮ್ಮನಾದರೆ ಅದು ಮರೆವಲ್ಲ, ಕಿವಿಗೇ ಬಿದ್ದಿಲ್ಲ. ಅರ್ಧ ಕೇಳಿಸಿದ ಹೆಸರು ಮನಸ್ಸಲ್ಲಿ ನಿಲ್ಲೋದಾದ್ರೂ ಹೇಗೆ? 2024ರ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದ, ಮರೆವಿನ ಕಾಯಿಲೆಗೆ (ಡಿಮೆನ್ಷಿಯಾ) ದಾರಿಯಾಗೋ, ತಡೆಯಬಹುದಾದ 14 ಅಪಾಯಗಳಲ್ಲಿ ಕಿವಿ ಮಂದವಾಗೋದೂ ಒಂದು.

ಬಿ12, ಥೈರಾಯ್ಡ್ ರಕ್ತಪರೀಕ್ಷೆ ಒಟ್ಟಿಗೇ ಮಾಡಿಸಿ. ಶೀತಕ್ಕೆ ನುಂಗೋ, ನಿದ್ದೆ ಬರಿಸೋ ಮಾತ್ರೆಗಳೂ ತಲೆ ಮಂಕು ಮಾಡ್ತವೆ. ಏನೇನು ತಗೋತಾರೆ ಅಂತ ಡಾಕ್ಟರಿಗೆ ತೋರಿಸಿ. ಹೆಸರು ತಡವಾಗಿ ಹೊಳೆಯೋದು ಈ ವಯಸ್ಸಿಗೆ ಸಹಜ. ಅರ್ಧ ಗಂಟೇಲಿ ಅದೇ ಪ್ರಶ್ನೆ ಮೂರು ಸಲ, ಕೂಲಿ ಲೆಕ್ಕದಲ್ಲಿ ಹೊಸದಾಗಿ ತಪ್ಪು, ಸ್ವಂತ ತೋಟದಲ್ಲೇ ದಾರಿ ತಪ್ಪೋದು ಕಂಡರೆ ಕಾಯಬೇಡಿ, ನರರೋಗ ತಜ್ಞರಿಗೆ ತೋರಿಸಿ.

ತೋಟದಮನೆ:
ಸರಿ, ಕಿವಿ ಮೊದಲು. ಸುಡೊಕು ಬಿಡಿಸಬೇಕಾ?

ಕಾಜಾಣ:
ಬಿಡಿಸ್ಬೇಡಿ. ಸುಡೊಕು ಚೌಕದ ಮೂಲೇಲಿ ಸಣ್ಣ ಅಂಕಿ ಬರೆದಿಟ್ಕೊಳ್ಳೋ ಪೆನ್ಸಿಲ್ ಕಿತ್ಕೊಂಡು ಪೆನ್ನು ಕೊಡಿ. ಲೆಕ್ಕ ಎಲ್ಲ ತಲೇಲೇ ಇಟ್ಕೋಬೇಕಾಗುತ್ತೆ.