ಬಾಗಿಲು ‘ತೆಗೆ’ ಅಂದರೆ ತೆರೆಯುವುದಾ, ಕಳಚುವುದಾ? ಕೀಲು, ಕೀಲಿ, ಚಿಲಕ, ಅಗುಳಿಗಳ ಬಗ್ಗೆ ಕೆಲವು ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ.

ಜೋಡಿಗಾಜಿನ (ನಡುವೆ ಸಂದಿ ಬಿಟ್ಟು ಎರಡು ಗಾಜು ಕೂರಿಸಿದ) ಕಿಟಕಿ ಬಾಗಿಲುಗಳ ರಿಪೇರಿ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮನೆಯವರೇ ಓದಿಕೊಂಡು ಮಾಡಿಕೊಳ್ಳಬಹುದಾದಷ್ಟು ಕೆಲಸ ಮಾತ್ರ ಅದರಲ್ಲಿದೆ. ಬೀಗ, ಹಿಡಿಕೆ, ಕೀಲು, ಈ ಮೂರೇ. ಕಷ್ಟ ಬರುವುದು ಭಾಗಗಳ ಹೆಸರಿನಲ್ಲಿ ಅಂತ ಅಂದುಕೊಂಡು ಶುರು ಮಾಡಿದೆ. ಆದರೆ ಹೆಸರುಗಳಿಗಿಂತ ಜಾಸ್ತಿ ತೊಂದರೆ ಕೊಟ್ಟದ್ದು ನಾವು ದಿನಾ ನೂರು ಸಲ ಆಡುವ ಎರಡು ಮಾತುಗಳು: ತೆಗೆ ಮತ್ತು ಹಾಕು.

ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: “ಬಾಗಿಲು ತೆಗೆದು, ಅಂಚಿನಲ್ಲಿರುವ ಉದ್ದದ ಸ್ಕ್ರೂ ಬಿಚ್ಚಿ.” ಅತ್ತಿಗೆ ಮನೆಯ ಹಿಂಬಾಗಿಲಲ್ಲಿ ಬೀಗದಕೈ ಸಿಕ್ಕಿಕೊಳ್ಳುತ್ತಿತ್ತು, ಸಿಲಿಂಡರ್ (ಬೀಗದಕೈ ತೂರಿಸಿ ತಿರುಗಿಸುವ ಭಾಗ) ಸವೆದಿತ್ತು. ಇದನ್ನು ಓದಿಕೊಂಡು ನೀವೇ ಬದಲಾಯಿಸಿ ನೋಡಿ ಅಂತ ಕರಡು ಕೊಟ್ಟಿದ್ದೆ. ಅರ್ಧ ಗಂಟೆಯಲ್ಲೇ ಫೋನ್ ಬಂತು. “ಬಾಗಿಲು ತೆಗೀಬೇಕು ಅಂತ ಬರೆದಿದ್ದೀಯಲ್ಲ, ಇಷ್ಟು ಭಾರ ಇದೆ, ನನ್ನೊಬ್ಬಳ ಕೈಲಿ ಆಗುತ್ತಾ? ಕೆಳಗಡೆ ಏನಾದ್ರೂ ಆನಿಸಿಕೊಳ್ಳಬೇಕಾ?” ಅಂತ ಕೇಳಿದರು. ಅಷ್ಟು ಹೊತ್ತಿಗೆ ಕೆಳಗಿನ ಕೀಲಿನ ಪ್ಲಾಸ್ಟಿಕ್ ಮುಚ್ಚಳ ಕಿತ್ತು, ಮೊದಲ ಸ್ಕ್ರೂವನ್ನು ಅರ್ಧ ಸಡಿಲ ಮಾಡಿಯೂ ಆಗಿತ್ತು. ಫೋನ್ ಮಾಡದೇ ಇದ್ದಿದ್ದರೆ ಎರಡೆರಡು ಗಾಜು ಹೊತ್ತ ಆ ಬಾಗಿಲು ಅವರ ಮೇಲೇ ಬೀಳುತ್ತಿತ್ತು.

ತಪ್ಪು ಅವರದ್ದಲ್ಲ. ನಾನು ಬರೆದ ಕನ್ನಡವೂ ಸರಿಯಾಗಿಯೇ ಇದೆ. ಯಾರಾದರೂ ಬಂದಾಗ “ಬಾಗಿಲು ತೆಗಿ” ಅಂದರೆ ತೆರೆ ಅಂತಲೇ ಅರ್ಥ. ಆದರೆ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತವರಿಗೆ ‘ತೆಗೆ’ ಅಂದರೆ ಕಳಚು. ಆ ಕ್ಷಣಕ್ಕೆ ಅವರ ಮನಸ್ಸಿನಲ್ಲಿ ಇರುವುದೇ ಬಿಚ್ಚುವ ಕೆಲಸ. ನಾನು ಹೇಳಬೇಕಾಗಿದ್ದದ್ದು ಇಷ್ಟೇ: ಸಿಲಿಂಡರನ್ನು ಹಿಡಿದಿಟ್ಟಿರುವ ಸ್ಕ್ರೂ ಬಾಗಿಲಿನ ಅಂಚಿನಲ್ಲಿ, ಬೀಗದ ತೂತಿನ ಮಟ್ಟದಲ್ಲೇ ಇರುತ್ತದೆ, ಬಾಗಿಲು ಮುಚ್ಚಿದ್ದಾಗ ಅದು ಕಾಣುವುದಿಲ್ಲ, ಅದಕ್ಕೇ ಬಾಗಿಲು ತೆರೆಯಬೇಕು. ಆ ಸ್ಕ್ರೂ ಬಿಚ್ಚಿ, ಬೀಗದಕೈಯನ್ನು ಸ್ವಲ್ಪವೇ ತಿರುಗಿಸಿ, ಒಳಗಿನ ತಿರುಗುವ ತುಂಡು ಸಿಲಿಂಡರಿನ ಮೈಗೆ ನೇರವಾದ ಕೂಡಲೇ ಎಳೆದರೆ ಸಿಲಿಂಡರ್ ಪೂರ್ತಿ ಹೊರಗೆ ಬರುತ್ತದೆ. ಬಾಗಿಲನ್ನು ಕೀಲಿನಿಂದ ಬಿಡಿಸುವ ಮಾತೇ ಇಲ್ಲಿಲ್ಲ.

‘ಹಾಕು’ ಇನ್ನೂ ಕಷ್ಟದ್ದು. ಬಾಗಿಲು ಹಾಕು ಅಂದರೆ ಮುಚ್ಚು, ಹೊಸದಾಗಿ ಕೂರಿಸು ಅಂತಲೂ ಆಗುತ್ತದೆ. ಬೀಗ ಹಾಕು ಅಂದರೆ ಬೀಗದಕೈ ತಿರುಗಿಸಿ ಭದ್ರ ಮಾಡು, ಇಲ್ಲವೇ ಹೊಸ ಬೀಗ ಜೋಡಿಸು. ಈ ಬಾಗಿಲುಗಳಲ್ಲಿ ಮೊದಲು ಹಿಡಿಕೆಯನ್ನು ಮೇಲಕ್ಕೆ ಎತ್ತಬೇಕು, ಆಗ ಮೇಲೆ ಕೆಳಗೆ ಇರುವ ಕೊಕ್ಕೆಗಳು ಚೌಕಟ್ಟಿನೊಳಗೆ ಕೂರುತ್ತವೆ, ಆಮೇಲೆ ಬೀಗದಕೈ ತಿರುಗುತ್ತದೆ. “ಬೀಗ ಹಾಕುವ ಮೊದಲು ಹಿಡಿಕೆ ಎತ್ತಿ” ಅಂತ ಬರೆದರೆ ಇದು ದಿನಾ ಮಾಡುವುದರ ಬಗ್ಗೆಯಾ, ಹೊಸ ಬೀಗ ಜೋಡಿಸುವುದರ ಬಗ್ಗೆಯಾ ಅಂತ ಓದುವವರಿಗೆ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಒಂದಿದೆ: ಬೀಗದ ಗೇರ್‌ಬಾಕ್ಸ್ (ಹಿಡಿಕೆ ಎತ್ತಿದಾಗ ಕೊಕ್ಕೆಗಳನ್ನು ಸರಿಸುವ ಒಳಭಾಗ) ಮುರಿದಿರುವ ಅನುಮಾನ ಇದ್ದರೆ ರಿಪೇರಿ ಮುಗಿಯುವ ತನಕ ಬಾಗಿಲು ಮುಚ್ಚಬಾರದು. ಮುಚ್ಚಿದರೆ ಮತ್ತೆ ತೆರೆಯದೇ ಹೋಗಬಹುದು, ಆಗ ಕೆಲಸ ಹತ್ತು ಪಟ್ಟು ಕಷ್ಟ. ಇಲ್ಲಿ “ಬಾಗಿಲು ಹಾಕಬೇಡಿ” ಅಂತ ಬರೆಯುವುದು ನನಗಂತೂ ಅಪಾಯ ಅನಿಸುತ್ತದೆ.

ಹಾಗಾಗಿ ಈಗ ನಾನು ಮಾಡಿಕೊಂಡ ಕಟ್ಟುಪಾಡು ಇದು. ಬಾಗಿಲು ಕಿಟಕಿಗೆ ತೆರೆ, ಮುಚ್ಚು ಮಾತ್ರ. ಬೀಗಕ್ಕೆ ‘ಬೀಗ ತಿರುಗಿಸಿ ಭದ್ರ ಮಾಡಿ’, ‘ಬೀಗ ಬಿಡಿಸಿ’. ಭಾಗ ಹೊರತೆಗೆಯುವುದಕ್ಕೆ ಕಳಚು, ಒಳಗಿಡುವುದಕ್ಕೆ ಕೂರಿಸು, ಸ್ಕ್ರೂಗೆ ಬಿಚ್ಚು, ಬಿಗಿ ಮಾಡು. ‘ತೆರೆ’ ಮಾತಿನಲ್ಲಿ ಕಡಿಮೆ, ಸ್ವಲ್ಪ ಪುಸ್ತಕದ ವಾಸನೆ ಇದೆ, ಒಪ್ಪುತ್ತೇನೆ. ಆದರೂ ಇಲ್ಲಿ ಅದೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಯಾರಿಗಾದರೂ ಬೇರೆ ದಾರಿ ಕಾಣುತ್ತಿದ್ದರೆ ಹೇಳಿ.

ಎರಡನೇದು ಕೀಲು ಮತ್ತು ಕೀಲಿ. ಇದು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿರುವ ಜಗಳವೇ. ದಕ್ಷಿಣದ ಕಡೆ ಬೀಗ, ಬೀಗದಕೈ ಅನ್ನುತ್ತೇವೆ, ಉತ್ತರ ಕರ್ನಾಟಕದಲ್ಲಿ ಕೀಲಿ, ಕೀಲಿಕೈ. ಕೀಲು ಅಂದರೆ ಎರಡು ಭಾಗ ಸೇರಿ ಆಡುವ ಜಾಗ, ಮೈಯಲ್ಲಾದರೂ ಸರಿ, ಬಾಗಿಲಲ್ಲಾದರೂ ಸರಿ. ಬರೆಯುವಾಗ ಒಂದು ಸ್ವರದ ವ್ಯತ್ಯಾಸ ಇದೆಯಲ್ಲ, ಸಾಕು ಅಂತ ಸುಮ್ನೆ ಇದ್ದೆ. ಆದರೆ ವಿಭಕ್ತಿ ಹಚ್ಚಿ ನೋಡಿ. ಕೀಲಿನ, ಕೀಲಿಯ, ಇವು ಬೇರೆ. ಕೀಲಿನಲ್ಲಿ, ಕೀಲಿಯಲ್ಲಿ, ಇವೂ ಬೇರೆ. ಚತುರ್ಥಿಗೆ ಬಂದರೆ ಎರಡೂ ‘ಕೀಲಿಗೆ’! ಕೀಲು ಸೇರಿದರೂ ಕೀಲಿಗೆ, ಕೀಲಿ ಸೇರಿದರೂ ಕೀಲಿಗೆ. ರಿಪೇರಿ ಬರಹದಲ್ಲಿ ಚತುರ್ಥಿ ಬರುವುದು ಎಲ್ಲಿ? “ಕೀಲಿಗೆ ಎಣ್ಣೆ ಬಿಡಿ” ಅನ್ನುವ ಜಾಗದಲ್ಲೇ.

ಇದೇನು ವ್ಯಾಕರಣದ ಸೂಕ್ಷ್ಮ ಅಂತ ಬಿಡುವ ಹಾಗಿಲ್ಲ. ಬಾಗಿಲ ಕೀಲಿಗೆ ಎರಡು ಹನಿ ತೆಳು ಎಣ್ಣೆ ಒಳ್ಳೆಯದು. ಬೀಗದ ಸಿಲಿಂಡರಿಗೆ ಅದೇ ಎಣ್ಣೆ ಕೆಟ್ಟದ್ದು. ಸಿಲಿಂಡರಿನ ಒಳಗೆ ಸಣ್ಣ ಸಣ್ಣ ಪಿನ್ನುಗಳು ಸ್ಪ್ರಿಂಗುಗಳ ಮೇಲೆ ನಿಂತಿರುತ್ತವೆ, ಸರಿಯಾದ ಬೀಗದಕೈಯ ಹಲ್ಲು ಬಂದಾಗ ಎಲ್ಲ ಪಿನ್ನುಗಳೂ ಒಂದೇ ಗೆರೆಗೆ ಬಂದು ಸಿಲಿಂಡರ್ ತಿರುಗುತ್ತದೆ. ಅಮೆರಿಕದ ಬೀಗ ತಯಾರಕ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ಉಪಾಯ ಇವತ್ತಿಗೂ ಮೂಲದಲ್ಲಿ ಹಾಗೇ ಇದೆ. ಎಣ್ಣೆ ಬಿಟ್ಟರೆ ಎರಡು ದಿನ ಹಗುರಾಗಿ ತಿರುಗಿ, ಆಮೇಲೆ ಧೂಳು ಕೂತು, ಜಿಡ್ಡಾಗಿ, ಪಿನ್ನುಗಳು ಅಂಟಿಕೊಳ್ಳುತ್ತವೆ. ಅಲ್ಲಿಗೆ ಬೇಕಾದದ್ದು ಗ್ರಾಫೈಟ್ ಪುಡಿಯಂಥ ಒಣ ಪದಾರ್ಥ. ಕೀಲಿ ಅಂದರೆ ಬೀಗ ಅಂತ ಬಳಸುವ ಗೆಳೆಯರೊಬ್ಬರು ನನ್ನ ಕರಡು ಓದಿ “ಕೀಲಿಗೆ ಎಣ್ಣೆ ಬಿಡಬಾರದು ಅಂತಾರಲ್ಲ, ನೀವು ಬಿಡಿ ಅಂತ ಬರೆದಿದ್ದೀರಿ?” ಅಂತ ಕೇಳಿದಾಗಲೇ ನನಗೆ ಇದು ಹೊಳೆದದ್ದು. ಅವರು ಸರಿಯಾಗಿಯೇ ಓದಿದ್ದರು.

ಈಗ ‘ಕೀಲುಗಳಿಗೆ’ ಅಂತ ಬಹುವಚನದಲ್ಲೇ ಬರೆಯುತ್ತಿದ್ದೇನೆ, ಹೇಗೂ ಒಂದು ಬಾಗಿಲಿಗೆ ಒಂದೇ ಕೀಲು ಇರುವುದಿಲ್ಲವಲ್ಲ. ಬೀಗಕ್ಕೆ ಎಲ್ಲೂ ಕೀಲಿ ಅನ್ನುತ್ತಿಲ್ಲ. ಬೇರೆ ಪದಗಳನ್ನೂ ಯೋಚಿಸಿದೆ. ಬಿಜಾಗರಿ ಮರಾಠಿಗೆ ಹತ್ತಿರದ ಕಡೆ ಎಲ್ಲರಿಗೂ ಗೊತ್ತು, ಉಳಿದವರಿಗೆ ಗೊತ್ತಿಲ್ಲ. ಹಿಂಜು ಅಂತ ಕೆಲಸದವರು ಹೇಳುತ್ತಾರೆ, ಆದರೆ ಬರೆದಾಗ ಹತ್ತಿ ಹಿಂಜುವುದೇ ಕಣ್ಣಿಗೆ ಬರುತ್ತದೆ. ತಿರುಗಣಿ ಚೆಂದದ ಪದ. ಆದರೆ ನನ್ನ ಮಟ್ಟಿಗೆ ಅದು ಹಳೆಯ ಮರದ ಬಾಗಿಲುಗಳದ್ದು, ಮೇಲೊಂದು ಕೆಳಗೊಂದು ಗೂಟ ಕುಳಿಯಲ್ಲಿ ಕೂತು ತಿರುಗುತ್ತಿತ್ತಲ್ಲ, ಅದು. ಸ್ಕ್ರೂ ಹಾಕಿ ಜೋಡಿಸುವ ಪಟ್ಟಿಗೆ ಅದನ್ನು ಬಳಸಲು ಮನಸ್ಸು ಬರುವುದಿಲ್ಲ.

ಇನ್ನು ಕಿಟಕಿಯ ಕೀಲು. ನಿಜ ಹೇಳಬೇಕೆಂದರೆ ಅದು ಕೀಲೇ ಅಲ್ಲ. ಕಿಟಕಿಯ ಮೇಲೆ ಕೆಳಗೆ, ಅಥವಾ ಎರಡು ಬದಿಯಲ್ಲಿ, ಉಕ್ಕಿನ ಒಂದು ಹಳಿ ಇರುತ್ತದೆ, ಅದರಲ್ಲಿ ಜಾರುವ ಒಂದು ತುಂಡು, ಅದಕ್ಕೆ ಮಡಚಿಕೊಳ್ಳುವ ತೋಳುಗಳು. ಕಿಟಕಿಯನ್ನು ಎಷ್ಟು ತೆರೆದರೂ ಅಲ್ಲೇ ನಿಲ್ಲಿಸುವುದು ಆ ಜಾರುವ ತುಂಡಿನ ಉಜ್ಜಾಟ. ಅದು ಸವೆದರೆ ಕಿಟಕಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತದೆ, ಅಥವಾ ಮುಚ್ಚುವಾಗ ಒಂದು ಮೂಲೆ ಚೌಕಟ್ಟಿಗೆ ತಾಗುತ್ತದೆ. ಕೆಲವದರಲ್ಲಿ ಜಾರುವ ತುಂಡಿಗೆ ಒಂದು ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ಕಾಲು ಸುತ್ತು ಬಿಗಿ ಮಾಡಿದರೆ ಕಿಟಕಿ ಮತ್ತೆ ನಿಲ್ಲುತ್ತದೆ. ಬದಲಾಯಿಸಬೇಕಾದರೆ ಹಳಿಯ ಉದ್ದದ ಜೊತೆಗೆ, ಮಡಚಿದಾಗಿನ ದಪ್ಪವನ್ನೂ ಅಳೆಯಬೇಕು. ಸಾಮಾನ್ಯವಾಗಿ 13 ಅಥವಾ 17 ಮಿಲಿಮೀಟರ್. ದಪ್ಪ ತಪ್ಪಿದರೆ ಕಿಟಕಿ ಮುಚ್ಚುವುದೇ ಇಲ್ಲ, ಇಲ್ಲವೇ ಸಂದಿ ಉಳಿಯುತ್ತದೆ.

ಇದಕ್ಕೆ ‘ಜಾರುಗೀಲು’ ಅಂತ ಇಟ್ಟುಕೊಂಡರೆ ಹೇಗೆ? ಊರು, ಕೋಲು ಸೇರಿ ಊರುಗೋಲು ಆಗುವ ಹಾಗೆ ಜಾರು, ಕೀಲು ಸೇರಿ ಜಾರುಗೀಲು. ಇದರಲ್ಲಿ ಇನ್ನೊಂದು ಲಾಭ ಇದೆ. ‘ಜಾರುಗೀಲಿಗೆ’ ಅಂದರೆ ಯಾರೂ ಬೀಗ ಅಂದುಕೊಳ್ಳುವುದಿಲ್ಲ. ಜಾರುತೋಳು ಅನ್ನುವುದನ್ನೂ ಯೋಚಿಸಿದ್ದೆ. ಎರಡರಲ್ಲಿ ಯಾವುದು ಕಿವಿಗೆ ಒಪ್ಪುತ್ತದೆ?

ಹಿಡಿಕೆಯ ವಿಷಯದಲ್ಲಿ ಗೊಂದಲ ಕಡಿಮೆ. ಹಿಡಿ, ಹಿಡಿಕೆ ಎರಡೂ ನಡೆಯುತ್ತವೆ. ಕೊಡಲಿ, ಗುದ್ದಲಿಗೆ ಕಾವು, ಅದು ಇಲ್ಲಿಗೆ ಬರುವುದಿಲ್ಲ. ‘ಬಾಗಿಲ ಕೈ’ ಅಂತ ಒಬ್ಬರು ಸೂಚಿಸಿದರು. ಆದರೆ ಬೀಗದ ಕೈ, ಕೀಲಿಯ ಕೈ ಎರಡೂ ಆಗಲೇ ಬೇರೆ ವಸ್ತುವಿಗೆ ಹೋಗಿವೆ, ಹಾಗಾಗಿ ಬಿಟ್ಟೆ. (ಹಳಗನ್ನಡದ ‘ಪಿಡಿ’ಯೇ ಹೊಸಗನ್ನಡದ ‘ಹಿಡಿ’, ಅಲ್ವಾ? ಹಾಗಾದರೆ ನಾನು ಬರೆಯುತ್ತಿರುವ ಕೈಪಿಡಿಗೂ ಬಾಗಿಲ ಹಿಡಿಕೆಗೂ ಮಾತು ಒಂದೇ. ಇದನ್ನು ಗಮನಿಸಿದ ದಿನ ತುಂಬಾ ಖುಷಿಯಾಯಿತು.) ಆರು ಮೂಲೆ ತೂತಿನ ಸ್ಕ್ರೂ ತಿರುಗಿಸುವ ಅಲೆನ್ ಕೀಯನ್ನು ಮಾತ್ರ ಅಲೆನ್ ಕೀ ಅಂತಲೇ ಬಿಡಬೇಕು. ‘ಅಲೆನ್ ಬೀಗದಕೈ’ ಅಂತ ಅನುವಾದಿಸಿದರೆ ಜನ ಅದರ ಬೀಗ ಹುಡುಕುತ್ತಾರೆ.

ಹಿಡಿಕೆ ಕೆಟ್ಟಾಗ ಜನ ಹೇಳುವ ಮಾತುಗಳನ್ನು ಗಮನಿಸಿ, ಅದರಲ್ಲೇ ರೋಗ ಗೊತ್ತಾಗುತ್ತದೆ. “ಲೊಡಲೊಡ ಅನ್ನುತ್ತೆ” ಅಂದರೆ ಸ್ಕ್ರೂ ಸಡಿಲ, ಬಿಗಿ ಮಾಡಿದರೆ ಮುಗಿಯಿತು. “ಜೋತುಬಿದ್ದಿದೆ” ಅಂದರೆ ಒಳಗಿನ ಸ್ಪ್ರಿಂಗ್ ಹೋಗಿದೆ, ಕೆಳಗೆ ಒತ್ತಿದ ಹಿಡಿಕೆ ತಾನಾಗಿ ಮಟ್ಟಕ್ಕೆ ಬರುತ್ತಿಲ್ಲ. “ಸುಮ್ನೆ ತಿರುಗುತ್ತೆ” ಅಂದರೆ ಹಿಡಿಕೆಯಿಂದ ಒಳಗೆ ಹೋಗುವ ಚೌಕ ಸಲಾಕೆ ಅಥವಾ ಅದು ಕೂರುವ ಗೇರ್‌ಬಾಕ್ಸಿನ ತೂತು ಸವೆದಿದೆ. ಮೂರು ಮಾತು, ಮೂರು ಬೇರೆ ಬೇರೆ ಕೆಲಸ. ಇವನ್ನೆಲ್ಲ ‘ಹಿಡಿಕೆಯ ದೋಷ’ ಅಂತ ಒಂದೇ ತಲೆಬರಹದ ಕೆಳಗೆ ಹಾಕಿದ್ದೆ, ಈಗ ಜನರ ಮಾತನ್ನೇ ತಲೆಬರಹ ಮಾಡಿದ್ದೇನೆ.

ಬಾಗಿಲ ವಿಷಯದಲ್ಲಿ ಇದು ಇನ್ನೂ ಮುಖ್ಯ. “ಬೀಗ ಕೆಟ್ಟಿದೆ” ಅಂತ ಹೇಳುವ ಎಷ್ಟೋ ಬಾಗಿಲುಗಳಲ್ಲಿ ಬೀಗ ಚೆನ್ನಾಗಿಯೇ ಇರುತ್ತದೆ. ಬಾಗಿಲು ತೆರೆದಿರುವಾಗಲೇ ಹಿಡಿಕೆ ಎತ್ತಿ ಬೀಗದಕೈ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿ, ಮುಚ್ಚಿದಾಗ ಮಾತ್ರ ತಿರುಗದಿದ್ದರೆ ಬೀಗದ ಕೊಕ್ಕೆಗಳು ಚೌಕಟ್ಟಿನಲ್ಲಿರುವ ತಮ್ಮ ಗೂಡಿಗೆ ಸರಿಯಾಗಿ ಹೋಗುತ್ತಿಲ್ಲ ಅಂತ ಅರ್ಥ. ಬಾಗಿಲು ಇಳಿದಿದೆ. ಕೀಲು ಸರಿ ಮಾಡಬೇಕು, ಅಥವಾ ಗಾಜಿನ ಅಂಚಿಗೆ ಕೊಡುವ ಪ್ಲಾಸ್ಟಿಕ್ ಚಕ್ಕೆಗಳನ್ನು ಸರಿ ಮಾಡಬೇಕು. ಕೆಳಗೆ ಕೀಲಿನ ಬದಿಯ ಮೂಲೆಯಲ್ಲಿ, ಮೇಲೆ ಬೀಗದ ಬದಿಯ ಮೂಲೆಯಲ್ಲಿ ಚಕ್ಕೆ ಕೊಟ್ಟರೆ ಗಾಜೇ ಓರೆ ಆಸರೆಯಾಗಿ ಬಾಗಿಲನ್ನು ಎತ್ತಿ ಹಿಡಿಯುತ್ತದೆ. ಬೀಗ ಬದಲಾಯಿಸಿದರೆ ಏನೂ ಉಪಯೋಗ ಇಲ್ಲ. ತೆರೆದಾಗಲೂ ಬಿಗಿಯಾಗಿದ್ದರೆ ಮಾತ್ರ ಬೀಗ ಕೆಟ್ಟಿದೆ ಅನ್ನಬೇಕು.

ಇಲ್ಲಿ ಇನ್ನೊಂದು ಪದದ ಮೋಸ ಇದೆ: “ಬಾಗಿಲು ಉಬ್ಬಿದೆ.” ಮರ ನೀರು ಕುಡಿದು ಉಬ್ಬುತ್ತದೆ. ಈ ಬಾಗಿಲುಗಳ ಯುಪಿವಿಸಿ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಮಳೆಗೆ ಉಬ್ಬುವುದಿಲ್ಲ, ಬಿಸಿಲಿಗೆ ಹಿಗ್ಗುತ್ತದೆ. ಮಧ್ಯಾಹ್ನ ಬಿಗಿಯಾಗಿ, ರಾತ್ರಿ ಸರಿಹೋದರೆ ಹಿಗ್ಗಿದೆ ಅಂತ ಅರ್ಥ. ಉಬ್ಬು, ಹಿಗ್ಗು ಎರಡನ್ನೂ ಬೇರೆಯಾಗಿಯೇ ಉಳಿಸಿಕೊಳ್ಳಬೇಕು ಅನ್ನುವ ಪಕ್ಷ ನನ್ನದು.

ಬೀಗದ ಒಳಗಿನ ಭಾಗಗಳಿಗೆ ನಾನು ಇಟ್ಟುಕೊಂಡಿರುವುದು ಇವು. ಸ್ಪ್ರಿಂಗ್ ಮೇಲೆ ಒಳಗೆ ಹೊರಗೆ ಆಡುವುದು ನಾಲಿಗೆ. ಬೀಗದಕೈ ತಿರುಗಿಸಿದಾಗ ಗಟ್ಟಿಯಾಗಿ ಹೊರಬರುವುದು ಅಗುಳಿ. ಬಾಗಿಲ ಹಿಂದೆ ಅಡ್ಡ ಇಡುತ್ತಿದ್ದ ಮರದ ಅಗುಳಿಯ ಕೆಲಸವನ್ನೇ ಇದೂ ಮಾಡುತ್ತದೆ, ಹಾಗಾಗಿ ಆ ಪದ ಮತ್ತೆ ಬಳಕೆಗೆ ಬರಲಿ ಅನ್ನುವ ಆಸೆ ನನಗೆ. ಚಿಲಕವನ್ನು ಕೈಯಿಂದ ನೇರವಾಗಿ ಸರಿಸುವುದಕ್ಕೆ ಮಾತ್ರ ಬಿಟ್ಟಿದ್ದೇನೆ. ಇವೆಲ್ಲ ಹೋಗಿ ಕೂರುವ, ಚೌಕಟ್ಟಿನ ಲೋಹದ ಗೂಡಿಗೆ ಒಳ್ಳೆಯ ಹೆಸರು ಸಿಕ್ಕಿಲ್ಲ. ಕೆಲಸದವರು “ಲಾಕ್ ಕಚ್ಚುತ್ತಿಲ್ಲ” ಅನ್ನುತ್ತಾರೆ. ಬಡಗಿಗಳು ಮರದಲ್ಲಿ ಮಾಡುವ ಕೊರೆತಕ್ಕೆ ಕಚ್ಚು ಅನ್ನುತ್ತಾರೆ. ಅದಕ್ಕೇ ಇದನ್ನೂ ‘ಕಚ್ಚು’ ಅನ್ನೋಣ ಅಂತ ನನಗಿದೆ. “ಅಗುಳಿ ಕಚ್ಚಿಗೆ ಕೂರುತ್ತಿಲ್ಲ, ಕಚ್ಚನ್ನು ಎರಡು ಮಿಲಿಮೀಟರ್ ಕೆಳಗೆ ಇಳಿಸಿ.” ಓದಿದರೆ ಅರ್ಥ ಆಗುತ್ತದಾ?

ಜೋಡಿಗಾಜು ಪದದ ಬಗ್ಗೆಯೂ ಒಂದು ಮಾತು. ಇಮ್ಮಡಿಗಾಜು ಅಂತ ಕೆಲವರು ಬರೆಯುತ್ತಾರೆ. ನನಗೆ ಅದು ದಪ್ಪ ಎರಡರಷ್ಟಿರುವ ಒಂದೇ ಗಾಜು ಅನ್ನುವ ಹಾಗೆ ಕೇಳುತ್ತದೆ. ಇಲ್ಲಿ ಇರುವುದು ಎರಡು ಗಾಜು, ನಡುವೆ ಸಂದಿ, ಆ ಸಂದಿಯೇ ಮುಖ್ಯ. ಜೋಡಿ ಅಂದರೆ ಎರಡೂ ಬೇರೆಯಾಗಿ ಉಳಿಯುತ್ತವೆ.

ನಿಮ್ಮಿಂದ ಬೇಕಾದದ್ದು ಮೂರು: ಚೌಕಟ್ಟಿನ ಆ ಗೂಡಿಗೆ ನಿಮ್ಮ ಕಡೆ ಏನನ್ನುತ್ತಾರೆ, ಜಾರುಗೀಲು ಒಪ್ಪಿಗೆಯಾ, ಮತ್ತೆ ಕೀಲಿ ಅಂದರೆ ಬೀಗ ಅಂತ ಬಳಸುವವರು ಬಾಗಿಲ ಕೀಲಿಗೆ ಮನೆಯಲ್ಲಿ ಯಾವ ಪದ ಬಳಸುತ್ತೀರಿ. ಈ ಮೂರನೇದಕ್ಕೆ ದಯವಿಟ್ಟು ನಿಘಂಟು ನೋಡಿ ಉತ್ತರಿಸಬೇಡಿ. ಬಾಗಿಲು ಕಿರ್ ಅಂದಾಗ ಮನೆಯಲ್ಲಿ ಹಿರಿಯರು “ಅದಕ್ಕೆ ಸ್ವಲ್ಪ ಎಣ್ಣೆ ಬಿಡು” ಅಂತಾರಲ್ಲ, ಆ ‘ಅದಕ್ಕೆ’ಯ ಜಾಗದಲ್ಲಿ ಯಾವ ಪದ ಬರುತ್ತದೆ, ಅದನ್ನೇ ಬರೆಯಿರಿ.