ಆಟಿಸಂ ಇರುವ ಮಗನಿಗೆ ಬ್ಲೂ ಬ್ಯಾಡ್ಜ್: ವೀಸಾದಲ್ಲಿರುವವರು ಅರ್ಜಿ ಹಾಕಬಹುದಾ?

ಪ್ರಶ್ನೆ (ರೆಡಿಂಗ್‌ನಿಂದ)

ನಾವು ಮೈಸೂರಿನವರು, ಎರಡು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇವೆ. ಯಜಮಾನರದ್ದು ಸ್ಕಿಲ್ಡ್ ವರ್ಕರ್ ವೀಸಾ. ಮಗನಿಗೆ ಆರು ವರ್ಷ, ಆಟಿಸಂ ಇದೆ. ಅವನಿಗೆ ನಡೆಯುವುದು ಕಷ್ಟ ಅಲ್ಲ, ಓಡುವುದೇ ನಮಗೆ ಕಷ್ಟ. ಕಾರಿನ ಬಾಗಿಲು ತೆಗೆದರೆ ಸಾಕು, ಕೈ ಕೊಸರಿಕೊಂಡು ಹೊರಟೇ ಬಿಡುತ್ತಾನೆ. ಹೋದ ತಿಂಗಳು ರಿವರ್ಸ್ ಬರುತ್ತಿದ್ದ ವ್ಯಾನಿನ ಹಿಂದೆ ಹೋಗಿ ನಿಂತಿದ್ದ. ಸ್ಕೂಲಿನಲ್ಲಿ ಒಬ್ಬರು ಬ್ಲೂ ಬ್ಯಾಡ್ಜ್‌ಗೆ, ಅಂದರೆ ಅಂಗವೈಕಲ್ಯ ಇರುವವರಿಗೆ ಕಾರು ನಿಲ್ಲಿಸಲು ಕೊಡುವ ಅನುಮತಿಗೆ, ಅರ್ಜಿ ಹಾಕಿ ಅಂದರು. ಅದು ವೀಲ್‌ಚೇರ್‌ನವರಿಗೆ ಅಲ್ವಾ? ಹಾಕಿದರೆ ಮುಂದೆ ವೀಸಾಗೆ ಏನಾದರೂ ಆಗುತ್ತದಾ?

ಮಿಲ್ಟನ್ ಕೀನ್ಸ್‌ನ ಒಬ್ಬ ಅಮ್ಮ

ಧೈರ್ಯವಾಗಿ ಹಾಕಿ. ಇದೇ ಭಯಕ್ಕೆ ನಾವು ಒಂದೂವರೆ ವರ್ಷ ಸುಮ್ನೆ ಕಳೆದೆವು.

ನಮ್ಮ ವೀಸಾ ಮೇಲೆ ‘ನೋ ಪಬ್ಲಿಕ್ ಫಂಡ್ಸ್’, ಅಂದರೆ ಸರ್ಕಾರಿ ನೆರವು ಪಡೆಯುವ ಹಾಗಿಲ್ಲ ಅಂತ ಇರುತ್ತದಲ್ಲ, ಅದರಲ್ಲಿ ಯಾವ ಯಾವ ನೆರವು ಸೇರುತ್ತದೆ ಅನ್ನುವುದಕ್ಕೆ ಒಂದು ಪಟ್ಟಿ ಇದೆ. ಡಿಎಲ್‌ಎ, ಅಂದರೆ ಮಕ್ಕಳ ಅಂಗವೈಕಲ್ಯಕ್ಕೆ ಕೊಡುವ ಹಣ, ಆ ಪಟ್ಟಿಯಲ್ಲಿದೆ. ಹಾಗಾಗಿ ಅದರ ತಂಟೆಗೆ ಹೋಗಬೇಡಿ. ಬ್ಲೂ ಬ್ಯಾಡ್ಜ್ ಪಟ್ಟಿಯಲ್ಲಿಲ್ಲ. ಅದು ದುಡ್ಡಲ್ಲ, ಕಾರು ನಿಲ್ಲಿಸುವ ಅನುಮತಿ ಅಷ್ಟೇ.

ವೀಲ್‌ಚೇರ್ ಇರಲೇಬೇಕು ಅಂತಲೂ ಇಲ್ಲ. 2019ರ ಆಗಸ್ಟ್ 30ರಿಂದ ಇಂಗ್ಲೆಂಡಿನಲ್ಲಿ ಆಟಿಸಂನಂಥ, ಹೊರನೋಟಕ್ಕೆ ಗೊತ್ತಾಗದ ತೊಂದರೆಗಳಿಗೂ ಕೊಡುತ್ತಾರೆ. ತೊಡಕು ಬೇರೆ ಕಡೆ ಇದೆ. ಡಿಎಲ್‌ಎಯಲ್ಲಿ ಓಡಾಟದ ಭಾಗಕ್ಕೆ ಹೈಯರ್ ರೇಟ್ (ಹೆಚ್ಚಿನ ದರ) ಸಿಕ್ಕ ಮಕ್ಕಳಿಗೆ ಬ್ಯಾಡ್ಜ್‌ನ ಅರ್ಹತೆ ತಾನಾಗಿ ಸಿಗುತ್ತದೆ. ನಮಗೆ ಆ ದಾರಿಯೇ ಇಲ್ಲವಲ್ಲ. ಎಲ್ಲವನ್ನೂ ಕಾಗದದಲ್ಲಿ ತೋರಿಸಬೇಕು, ಕೌನ್ಸಿಲ್‌ನವರು (ಸ್ಥಳೀಯ ಆಡಳಿತದವರು) ಅದನ್ನು ನೋಡಿ ತೀರ್ಮಾನ ಮಾಡುತ್ತಾರೆ. ಅರ್ಜಿ ಸರ್ಕಾರದ ವೆಬ್‌ಸೈಟ್ ಗವ್ ಡಾಟ್ ಯುಕೆಯಲ್ಲಿ. ಮಗುವಿನ ಪಾಸ್‌ಪೋರ್ಟ್, ಮನೆ ವಿಳಾಸದ ಪುರಾವೆ, ಫೋಟೋ ಬೇಕು. ಇಂಗ್ಲೆಂಡಿನಲ್ಲಿ ಶುಲ್ಕ 10 ಪೌಂಡಿಗಿಂತ ಜಾಸ್ತಿ ಇಲ್ಲ. ತೀರ್ಮಾನಕ್ಕೆ 12 ವಾರ, ಒಮ್ಮೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ.

ನಾವು ಪೀಡಿಯಾಟ್ರಿಶಿಯನ್ ರಿಪೋರ್ಟ್, ಆಕ್ಯುಪೇಷನಲ್ ಥೆರಪಿಸ್ಟ್ ಪತ್ರ, ಸ್ಕೂಲಿನ ಪತ್ರ ಲಗತ್ತಿಸಿದ್ದೆವು. ಬೆಂಗಳೂರಿನಲ್ಲಿ ಮಾಡಿಸಿದ ಹಳೇ ರಿಪೋರ್ಟನ್ನೂ ಇಟ್ಟಿದ್ದೆ. ಕೆಲಸಕ್ಕೆ ಬಂದಿದ್ದು ಸ್ಕೂಲಿನ ಪತ್ರ ಅಂತ ನನಗನ್ನಿಸುತ್ತದೆ. ‘ಗೇಟಿನಿಂದ ಕ್ಲಾಸಿಗೆ ಹೋಗಲು ಇಬ್ಬರು ದೊಡ್ಡವರು ಬೇಕು’ ಅಂತ ಅದರಲ್ಲಿ ಒಂದು ಸಾಲು ಇತ್ತು.

ಸ್ಲೌ ಕಡೆಯ ಒಬ್ಬ ಅಪ್ಪ

ನಮಗೆ ಮೊದಲ ಸಲ ಇಲ್ಲ ಅಂದರು. ತಪ್ಪು ನನ್ನದೇ.

ನಮ್ಮ ಕಡೆ ಯಾರಾದರೂ ‘ಮಗು ಹೇಗಿದೆ’ ಅಂತ ಕೇಳಿದರೆ ಏನು ಹೇಳುತ್ತೇವೆ? ‘ಪರವಾಗಿಲ್ಲ, ಈಗ ಎಷ್ಟೋ ವಾಸಿ.’ ಊರಲ್ಲಿ ಅತ್ತೆ ಮಾವನಿಗೆ ಹೇಳಿ ಹೇಳಿ ರೂಢಿ ಆಗಿಬಿಟ್ಟಿದೆ. ಫಾರ್ಮಿನಲ್ಲೂ ನಾನು ಹಾಗೇ ಬರೆದೆ. ಥೆರಪಿಯಿಂದ ಮಗಳು ಸುಧಾರಿಸಿದ್ದಾಳೆ, ಕೈ ಹಿಡಿದರೆ ನಡೆಯುತ್ತಾಳೆ ಅಂತ. ಅವರು ಅದನ್ನು ನಂಬಿದರು, ಅಷ್ಟೇ.

ಎರಡನೇ ಸಲ ಫಾರ್ಮ್ ಬರೆದಿದ್ದು ನನ್ನ ಹೆಂಡತಿ. ಮೂರು ವಾರ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಳು. ಮಂಗಳವಾರ ಆಸ್ಪತ್ರೆ ಕಾರ್ ಪಾರ್ಕ್, ಹ್ಯಾಂಡ್ ಡ್ರೈಯರ್ ಶಬ್ದಕ್ಕೆ ನೆಲದ ಮೇಲೆ ಮಲಗಿದಳು, 25 ನಿಮಿಷ ಏಳಲಿಲ್ಲ. ಶನಿವಾರ ಕೈ ಬಿಡಿಸಿಕೊಂಡು ರಸ್ತೆಗೆ ಓಡಿದಳು, ಕಾರು ಬ್ರೇಕ್ ಹಾಕಿತು. ಬರೆಯುವಾಗ ಅತ್ತಿದ್ದಾಳೆ. ಸ್ವಂತ ಮಗುವಿನ ಬಗ್ಗೆ ಹೀಗೆಲ್ಲ ಬರೆಯುವುದು ಸುಲಭ ಅಲ್ಲ.

ಆದರೆ ಅವರು ನೋಡುವುದು ಅದನ್ನೇ. ವಾಹನಗಳ ಹತ್ತಿರ ಮಗುವಿಗೆ ಯಾವಾಗಲೂ ಅಪಾಯ ಇದೆಯಾ, ತನ್ನನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲು ಆಗುತ್ತದಾ, ಹೊರಗೆ ಹೋದರೆ ವಿಪರೀತ ಗಾಬರಿ ಆಗುತ್ತದಾ. ‘ಆಟಿಸಂ ಇದೆ’ ಅನ್ನುವ ಒಂದೇ ಮಾತು ಸಾಲದು. ನಿಮ್ಮ ವ್ಯಾನಿನ ಕಥೆಯನ್ನು ತಾರೀಖು ಸಮೇತ ಬರೆಯಿರಿ ಮೇಡಂ.

ಇಲ್ಲ ಅಂದರೆ ಕಾರಣ ಕೇಳಿ, ಮತ್ತೆ ಪರಿಶೀಲಿಸಿ ಅಂತ ಕೌನ್ಸಿಲ್‌ಗೆ ಬರೆಯಬಹುದು. ನಾವು ಹಾಗೇ ಮಾಡಿದ್ದು.

ಲೆಸ್ಟರ್‌ನಿಂದ

ಮೂರು ತುಂಬದ ಮಕ್ಕಳಿದ್ದವರು ಇದನ್ನು ಓದುತ್ತಿದ್ದರೆ ಒಂದು ಮಾತು. ನಮ್ಮ ಪುಟ್ಟಿಗೆ ಆಕ್ಸಿಜನ್ ಸಿಲಿಂಡರ್, ಕೊಳವೆಯಲ್ಲಿ ಆಹಾರ ಕೊಡುವ ಫೀಡ್ ಪಂಪ್ ಎರಡೂ ಹೊತ್ತು ತಿರುಗಬೇಕಿತ್ತು. ಹೀಗೆ ಭಾರದ ಸಲಕರಣೆ ಯಾವಾಗಲೂ ಜೊತೆಗಿರಬೇಕಾದ ಮಗುವಿಗೂ, ತುರ್ತು ಚಿಕಿತ್ಸೆಗಾಗಿ ಕಾರು ಹತ್ತಿರವೇ ಇರಬೇಕಾದ ಮಗುವಿಗೂ ಬ್ಯಾಡ್ಜ್ ಕೊಡುತ್ತಾರೆ. ಮೂರು ತುಂಬಿದ ಮೇಲೆ ಮತ್ತೆ ಹೊಸದಾಗಿ ಹಾಕಬೇಕು.

ಮಿಲ್ಟನ್ ಕೀನ್ಸ್‌ನ ಅಮ್ಮ, ಮತ್ತೆ

ಸಿಕ್ಕ ಮೇಲಿನ ವಿಷಯ ಹೇಳುವುದು ಮರೆತೆ. ಬ್ಯಾಡ್ಜ್ ಕಾರಿನದ್ದಲ್ಲ, ಮಗುವಿನದ್ದು. ಅಣ್ಣನ ಕಾರಿನಲ್ಲಿ ಹೋದರೆ ಅದರಲ್ಲೇ ಇಡಬಹುದು. ಮಗುವನ್ನು ಮನೆಯಲ್ಲಿ ಬಿಟ್ಟು ನಾವು ತರಕಾರಿಗೆ ಹೋಗುವಾಗ ಬಳಸುವ ಹಾಗಿಲ್ಲ. ದುರ್ಬಳಕೆಗೆ 1,000 ಪೌಂಡ್‌ವರೆಗೆ ದಂಡ ಇದೆ. ನಮ್ಮೋರಲ್ಲೇ ಒಬ್ಬರು ‘ನಂಗೂ ಒಂದಿನ ಕೊಡ್ರೀ’ ಅಂತ ನಗುನಗುತ್ತಾ ಕೇಳಿದ್ದರು! ಕೊಡಲಿಲ್ಲ, ಈಗ ಅವರು ನಮ್ಮ ಮನೆಗೆ ಬರುವುದೂ ಕಮ್ಮಿ.

ಪಾರ್ಕಿಂಗ್‌ಗೆ ನಿರ್ಬಂಧ ಇರುವ ರಸ್ತೆ ಬದಿಯ ಹಳದಿ ಗೆರೆ ಮೇಲೂ ಇಂಗ್ಲೆಂಡಿನಲ್ಲಿ ಮೂರು ಗಂಟೆವರೆಗೆ ನಿಲ್ಲಿಸಬಹುದು, ಲೋಡಿಂಗ್‌ಗೆ (ಸಾಮಾನು ಇಳಿಸಿ ಏರಿಸುವುದಕ್ಕೆ) ನಿಷೇಧ ಇಲ್ಲದ ಕಡೆ ಮಾತ್ರ. ಜೊತೆಗೆ ಕೊಡುವ ನೀಲಿ ಗಡಿಯಾರದಲ್ಲಿ ಬಂದ ಹೊತ್ತನ್ನು ತಿರುಗಿಸಿಡಿ. ಲಂಡನ್ ನಡುಭಾಗಕ್ಕೆ ಹೋಗುವವರು ಹುಷಾರು. ವೆಸ್ಟ್‌ಮಿನ್‌ಸ್ಟರ್, ಸಿಟಿ ಆಫ್ ಲಂಡನ್, ಕೆನ್ಸಿಂಗ್ಟನ್ ಮತ್ತು ಚೆಲ್ಸಿ, ಕ್ಯಾಮ್ಡೆನ್‌ನ ಒಂದು ಭಾಗದಲ್ಲಿ ಅವರದ್ದೇ ಬೇರೆ ನಿಯಮ. ಆಸ್ಪತ್ರೆ, ಸೂಪರ್‌ಮಾರ್ಕೆಟ್ ಜಾಗಗಳಲ್ಲೂ ಬೋರ್ಡ್ ಓದಿ, ಕೆಲವು ಕಡೆ ಬ್ಯಾಡ್ಜ್ ಇದ್ದರೂ ದುಡ್ಡು ಕಟ್ಟಬೇಕು.

ಇನ್ನೊಂದು. ಮಗ ಕಾರಿಂದ ಇಳಿದು ಜಿಗಿಯುತ್ತಾ ಹೋಗುವುದನ್ನು ನೋಡಿ ಜನ ಗುರಾಯಿಸುತ್ತಾರೆ. ಮೊದಮೊದಲು ನಿಂತು ವಿವರಿಸುತ್ತಿದ್ದೆ. ಈಗ ಇಲ್ಲ. ವಿವರಿಸುವಷ್ಟರಲ್ಲಿ ಅವನು ಓಡಿರುತ್ತಾನೆ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ವಾರಾಂತ್ಯಕ್ಕೆ ಕೂತು ತುಂಬುತ್ತೇವೆ. ಫೋಟೋ ಒಂದೇ ಚಿಂತೆ, ಅವನು ಒಂದು ಕ್ಷಣ ನಿಲ್ಲುವುದಿಲ್ಲ.

ಸ್ಲೌ ಅಪ್ಪ

ಬಿಳಿ ಗೋಡೆ ಮುಂದೆ ಕೂರಿಸಿ. ಯಜಮಾನರು ಫೋಟೋ ತೆಗೆಯಲಿ, ನೀವು ಅವರ ತಲೆಗೆ ತಾಗುವ ಹಾಗೆ ಇನ್ನೊಂದು ಫೋನ್ ಹಿಡಿದು ಅವನಿಗೆ ಇಷ್ಟದ ವೀಡಿಯೋ ಹಾಕಿ. ನಮ್ಮವಳಿಗೆ ರೈಲು. ನಲವತ್ತು ತೆಗೆದರೆ ಒಂದು ಸಿಗುತ್ತದೆ.