ಸಹಾಯ ಬೇಕು: ಹದಿಹರೆಯದ ಮಕ್ಕಳ ಜೊತೆ ಯಾವ ಹಾಸ್ಟೆಲ್ ಆರಿಸಲಿ?

ಎಲ್ಲರಿಗೂ ನಮಸ್ಕಾರ. 16ರ ಮಗಳು, 14ರ ಮಗನ ಜೊತೆ ದೊಡ್ಡ ನಗರಕ್ಕೆ ಹೊರಟಿದ್ದೇವೆ. ಹೋಟೆಲ್‌ನಲ್ಲಿ ಎರಡು ರೂಮು ಅಂದರೆ ಜೇಬಿಗೆ ಭಾರ, ಅದಕ್ಕೇ ಪ್ರವಾಸಿಗರು ತಂಗುವ ಹಾಸ್ಟೆಲ್ ಹುಡುಕುತ್ತಿದ್ದೇನೆ. ತುಂಬಾ ಕಡೆ 18 ತುಂಬದವರನ್ನು ಡಾರ್ಮ್‌ಗೆ (ಬೇರೆಯವರ ಜೊತೆ ಹಂಚಿಕೊಳ್ಳುವ ರೂಮಿಗೆ) ಸೇರಿಸುವುದಿಲ್ಲ. ಅಪ್ಪ ಅಮ್ಮ ಜೊತೆಗಿದ್ದರೂ ಪ್ರೈವೇಟ್ ರೂಮೇ ತಗೋಬೇಕು. ಹೋದ ಸಲ ಈ ನಿಯಮ ಓದದೆ ಬುಕ್ ಮಾಡಿ, ರಾತ್ರಿ 11ಕ್ಕೆ ರಿಸೆಪ್ಷನ್ ಮುಂದೆ ಬ್ಯಾಗ್ ಮೇಲೆ ಕೂತಿದ್ದೆವು!

ಈಗ ಎರಡು ಹಾಸ್ಟೆಲ್ ಕಣ್ಣಿಗೆ ಬಿದ್ದಿವೆ. ಒಂದು ಮೆಟ್ರೋ ಪಕ್ಕದಲ್ಲೇ, ಆದರೆ ಕೆಳಗಡೆ ಬಾರ್. ಇನ್ನೊಂದು ಸ್ವಲ್ಪ ದೂರ, ಆದರೆ ನಾಲ್ಕು ಹಾಸಿಗೆಯ ರೂಮು, ಒಳಗೇ ಬಾತ್‌ರೂಮು, ಅಡುಗೆಮನೆಯೂ ಇದೆ. ಮಗನ ಹಸಿವು ನೋಡಿದರೆ ಅಡುಗೆಮನೆಯೇ ಮುಖ್ಯ ಅನಿಸುತ್ತೆ. ಮಗಳಿಗೆ ವೈಫೈ ಇದ್ದರೆ ಸಾಕು, ಬಿಡಿ.

ನೀವಾಗಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ? ಲಾಕರ್‌ಗೆ ಬೀಗ ನಾವೇ ಒಯ್ಯಬೇಕಾ?